ಹನ್ನೊಂದು ಹೆಂಗಸರ ಮುಖವಸ್ತ್ರ

ಓಸ್ಟರ್‌ಜೀಲ್
1937, ಆಗಸ್ಟ್ 9

ಮಗಳೇ ಫ್ರೌಕೆ,

ನಿನ್ನ ಕಾಗದ ಕಾರ್ಸ್ಟನ್‌ನ ದೋಣಿಯಲ್ಲಿ ಬಂತು. ಮೀನಿನ ಬುಟ್ಟಿಯ ತಳದಲ್ಲಿ ಇಟ್ಟಿದ್ದನಂತೆ. ಓದುವ ಮೊದಲು ಒಲೆಯ ಮುಂದೆ ಒಣಗಿಸಬೇಕಾಯಿತು. ಒಂದೇ ಹಾಳೆಯಲ್ಲಿ ‘ಸುಟ್ಟುಬಿಡು ಅಜ್ಜಿ’ ಎಂದು ಮೂರು ಸಲ ಬರೆದಿದ್ದೀಯ. ನಾನು ಊರ ಶಾಲೆಯಲ್ಲಿ ನಾಲ್ಕು ಚಳಿಗಾಲ ಕೂತವಳು ಅಷ್ಟೆ, ಆದರೂ ಒಂದು ಸಲ ಬರೆದರೆ ಸಾಕು, ತಲೆಗೆ ಹೋಗುತ್ತದೆ.

ಸುಡುವುದಿಲ್ಲ.

ನೀನು ಹೇಳಿದ್ದೆಲ್ಲ ತಿಳಿಯಿತು. ಹ್ಯಾಂಬರ್ಗಿನ ಮ್ಯೂಸಿಯಮ್ಮಿನ ಗೋಡೆಯಿಂದ ನಿನ್ನ ಹನ್ನೊಂದು ಚಿತ್ರಗಳನ್ನೂ ಇಳಿಸಿ ಲಾರಿಗೆ ತುಂಬಿದರು. ಸರಕಾರಕ್ಕೆ ಹಿಡಿಸದ ಅಂಥ ಚಿತ್ರಗಳನ್ನೆಲ್ಲ ಮ್ಯೂನಿಕ್‌ನಲ್ಲಿ ಒಟ್ಟು ಹಾಕಿ, ಜನರನ್ನು ಕರೆದು, ನೋಡಿ ನಗಿ ಎನ್ನುತ್ತಿದ್ದಾರೆ. ನೀನು ಇನ್ನು ಕುಂಚ ಮುಟ್ಟಬಾರದು, ಉಳಿ ಮುಟ್ಟಬಾರದು ಎಂದು ಮುದ್ರೆ ಒತ್ತಿದ ಕಾಗದ ಬಂದಿದೆ. ನಿನ್ನ ಬಳಿ ಇದ್ದ ಪ್ರತಿಗಳನ್ನು ನೀನೇ ಒಲೆಗೆ ಹಾಕಿದ್ದೀಯ. ಅದಕ್ಕೆ ಬೈಯಬೇಕು ಅನ್ನಿಸಿತು, ಬೈಯುವುದಿಲ್ಲ. ಒಂಟಿಯಾಗಿ ಮೂರನೇ ಮಹಡಿಯಲ್ಲಿ ಇರುವವಳಿಗೆ ಮೆಟ್ಟಿಲ ಮೇಲಿನ ಬೂಟಿನ ಸದ್ದು ಹೇಗೆ ಕೇಳಿಸುತ್ತದೆ ಎಂದು ನನಗೇನು ಗೊತ್ತು.

ಆದರೆ ಆ ಚಿತ್ರ ಒತ್ತಿದ ಮರದ ಅಚ್ಚುಗಳು ನನ್ನ ಅಚ್ಚುಮನೆಯಲ್ಲಿವೆ. ಇನ್ನು ನಮ್ಮ ಕೈಯಲ್ಲಿ ಉಳಿದಿರುವುದು ಅವು ಮಾತ್ರ. ಮರಸೇಬಿನ ಆ ಹಲಗೆಗಳನ್ನು ನಿನ್ನ ಅಜ್ಜ ಹಿನ್ನರ್ಕ್ ಆರು ವರ್ಷ ನೆರಳಲ್ಲಿ ಒಣಗಿಸಿದ್ದರು, ಬಟ್ಟೆಯ ಹೂಬಳ್ಳಿಗೆ ಎಂದು. ನೀನು ಕೇಳದೆ ಎತ್ತಿಕೊಂಡು ಮುಖ ಕೆತ್ತಿದೆ. ಮರ ನಮ್ಮ ಮನೆಯದು, ಮುಖ ನಮ್ಮ ಊರಿನವು. ಅದನ್ನು ಸುಡು ಎನ್ನಲು ಬರ್ಲಿನ್ನಿನವರು ಯಾರು? ನೀನು ತಾನೇ ಯಾರು?

ಇಲ್ಲಿ ಅಂಚೆಯವಳು ಕಾಗದ ಒಡೆದು ಲೂರ್ಸೆನ್ ಮೇಷ್ಟ್ರಿಗೆ ತೋರಿಸುತ್ತಾಳೆ. ಹೌದು, ಸಿಲ್ಕೆಯ ಮಗ ಡೆಟ್‌ಲೆಫ್, ಅವನೇ ಈಗ ಊರಿಗೆ ಪಕ್ಷದ ಯಜಮಾನ. ಅದಕ್ಕೆ ನಿಜವಾದ ಮಾತು ಕಾರ್ಸ್ಟನ್‌ನ ಕೈಯಲ್ಲಿ ಬರುತ್ತದೆ. ಅಂಚೆಯಲ್ಲಿ ಬಂದದ್ದನ್ನು ಮೇಷ್ಟ್ರಿಗಾಗಿ ಬರೆದದ್ದು ಎಂದು ತಿಳಿದುಕೋ.

ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ಅಜ್ಜಿ,
ಗೇಸ್ಕೆ


ಹ್ಯಾಂಬರ್ಗ್
1937, ಸೆಪ್ಟೆಂಬರ್ 2

ಅಜ್ಜಿ,

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ಆ ಚಿತ್ರಗಳನ್ನು ನಿನ್ನ ಅಡುಗೆ ಮೇಜಿನ ಮೇಲೆ ಹರಡಿದಾಗ ಏನಂದೆ, ನೆನಪಿದೆಯಾ? ನಿನ್ನ ಮುಖವನ್ನೇ ಮೊದಲು ತೋರಿಸಿದ್ದೆ. ‘ನನ್ನ ಮೂಗು ಕೊಡಲಿ ಥರ ಇದೆಯಾ? ನಾನು ಯಾವತ್ತು ಹೀಗೆ ಬಾಯಿ ಹರಿದುಕೊಂಡಿದ್ದೆ? ಒಲೆಗೆ ಹಾಕು’ ಎಂದು ನಕ್ಕೆ. ಆಮೇಲೆ ಎರಡು ವರ್ಷ ನನಗೆ ಒಂದು ಸಾಲೂ ಬರೆಯಲಿಲ್ಲ.

ಈಗ ಮ್ಯೂನಿಕ್‌ನಲ್ಲಿ ಅವರು ಹೇಳುತ್ತಿರುವುದೂ ಅದನ್ನೇ ಅಜ್ಜಿ. ಆಗ ಸುಡು ಎಂದವಳು ಈಗ ಸುಡುವುದಿಲ್ಲ ಎನ್ನುವುದು ನನ್ನ ಮೇಲಿನ ಪ್ರೀತಿಗಾದರೆ, ಬೇಡ. ಮರದ ತುಂಡಿಗಾಗಿ ನಿನ್ನನ್ನು ಎಳೆದುಕೊಂಡು ಹೋದರೆ ನಾನು ಬದುಕುವುದಿಲ್ಲ.

ದಯವಿಟ್ಟು ಸುಟ್ಟುಬಿಡು.

ಫ್ರೌಕೆ


ಓಸ್ಟರ್‌ಜೀಲ್
1937, ಅಕ್ಟೋಬರ್ 24
(ಅಂಚೆಯಲ್ಲಿ)

ಪ್ರೀತಿಯ ಮೊಮ್ಮಗಳಿಗೆ,

ನಾವೆಲ್ಲ ಕ್ಷೇಮ. ಎಲೆಕೋಸು ಚೆನ್ನಾಗಿ ಬಂದಿದೆ. ಹಂದಿ ದಪ್ಪಗಾಗಿದೆ, ಅದರ ನಡಿಗೆ ನೋಡಿದರೆ ಜಿಲ್ಲಾ ಕಚೇರಿಯ ಸಾಹೇಬರ ನೆನಪಾಗುತ್ತದೆ, ಅಷ್ಟು ಗಾಂಭೀರ್ಯ.

ಒಂದು ಸಂತೋಷದ ಸುದ್ದಿ. ನಮ್ಮ ಲೂರ್ಸೆನ್ ಮೇಷ್ಟ್ರು ಪುಸ್ತಕ ಬರೆದಿದ್ದಾರೆ. ನಮ್ಮ ಸೀಮೆಯ ಹಳೆಯ ಕೈಕಸುಬಿನ ಬಗ್ಗೆ. ಅದರಲ್ಲಿ ನಮ್ಮ ಮನೆತನದ ನೀಲಿ ಅಚ್ಚಿನ ಬಟ್ಟೆಗೇ ಎರಡು ಪುಟ! ನಿನ್ನ ಅಜ್ಜನ ಮುತ್ತಾತ ಕೆತ್ತಿದ ಬೈಬಲ್ ಕಥೆಯ ಅಚ್ಚುಗಳು ‘ಕಲಬೆರಕೆಯಿಲ್ಲದ ಜನಪದದ ಕೈ’ ಎಂದು ಬರೆದಿದ್ದಾರೆ. ಆ ಅಚ್ಚುಗಳನ್ನು ಅವರು ಕಣ್ಣಿಂದ ಕಂಡಿಲ್ಲ, ಚರ್ಚಿನಲ್ಲಿ ತೂಗುಹಾಕಿದ ಬಟ್ಟೆಯನ್ನು ದೂರದಿಂದ ನೋಡಿದ್ದಾರೆ ಅಷ್ಟೆ. ಆದರೂ ಎರಡು ಪುಟ. ಓದಿದವರಿಗೆ ಎಷ್ಟು ಅನುಕೂಲ ನೋಡು.

ಮುಂದಿನ ಸುಗ್ಗಿಯ ಹಬ್ಬಕ್ಕೆ ಪಕ್ಷದ ಕಚೇರಿಯವರು ನನ್ನಿಂದ ಇಪ್ಪತ್ತು ಮೇಜುಹಾಸು ಮಾಡಿಸುತ್ತಿದ್ದಾರೆ. ಎರಡು ವರ್ಷದಿಂದ ಸಿಗದಿದ್ದ ನೀಲಿ ಬಣ್ಣ ಈಗ ಪೀಪಾಯಿಗಟ್ಟಲೆ ಬಂದಿದೆ. ತೊಟ್ಟಿ ಮತ್ತೆ ತುಂಬಿದೆ.

ನೀನು ಕೇಳಿದ ಹಳೆ ಸಾಮಾನಿನ ಬಗ್ಗೆ ನನ್ನ ಉತ್ತರ ಬದಲಾಗಿಲ್ಲ.

ಈ ಕಾಗದ ಒಡೆದು ಓದುವವರಿಗೂ ನನ್ನ ನಮಸ್ಕಾರ. ಅಂಟಿಸುವಾಗ ಸ್ವಲ್ಪ ಅಚ್ಚುಕಟ್ಟಾಗಿ ಅಂಟಿಸಲಿ, ಹೋದ ಸಲ ಅಂಟು ಹೊರಗೆ ಬಂದಿತ್ತು.

ಗೇಸ್ಕೆ


ಓಸ್ಟರ್‌ಜೀಲ್
1938, ಫೆಬ್ರುವರಿ 13

ಮಗಳೇ,

ಇದು ಕಾರ್ಸ್ಟನ್‌ನ ಕೈಯಲ್ಲಿ.

ಆಗ ಸುಡು ಎಂದವಳು ಈಗ ಯಾಕೆ ಸುಡುವುದಿಲ್ಲ ಎಂದು ನೀನು ಸೆಪ್ಟೆಂಬರಿನಲ್ಲಿ ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿಲ್ಲ. ಈಗಲೂ ಕೊಡುವುದಿಲ್ಲ. ಬೇರೆ ವಿಷಯ ಹೇಳುತ್ತೇನೆ.

ನಮ್ಮೂರ ಪದ್ಧತಿ ನೀನು ಮರೆತಿರಲಾರೆ. ಗಂಡನೋ ಮಗನೋ ಹೋದ ಹೆಂಗಸಿಗೆ ಅಚ್ಚಿನವರ ಮನೆಯಿಂದ ಒಂದು ನೀಲಿ ಮುಖವಸ್ತ್ರ ಕೊಡಬೇಕು. ಅವಳು ಅದನ್ನು ತನ್ನ ಸಾವಿನ ಬಟ್ಟೆಯ ಜೊತೆ ಪೆಟ್ಟಿಗೆಯಲ್ಲಿ ಇಡುತ್ತಾಳೆ. ಆ ಪೆಟ್ಟಿಗೆಯನ್ನು ಅವಳು ಬದುಕಿರುವಷ್ಟು ದಿನ ಗಂಡಸರು ಮುಟ್ಟುವ ಹಾಗಿಲ್ಲ. ಅವಳು ಹೋದ ದಿನ ಹಿರಿಯ ಮಗ ಅದನ್ನು ತೆಗೆದು, ಅಚ್ಚಿರುವ ಕಡೆ ಒಳಗೆ ಮಾಡಿ, ಅವಳ ಮುಖಕ್ಕೆ ಹೊದಿಸಬೇಕು.

1916ರಲ್ಲಿ ಒಂದೇ ಹಡಗು ಮುಳುಗಿ ಒಂದೇ ಬೆಳಿಗ್ಗೆ ಹನ್ನೊಂದು ತಂತಿ ಬಂದಾಗ ಯಾರಿಗೂ ಮುಖವಸ್ತ್ರ ಕೊಡಲಿಲ್ಲ. ಯುದ್ಧದಲ್ಲಿ ನೀಲಿ ಎಲ್ಲಿತ್ತು? ಆಮೇಲೆ ನಾಳೆ ನಾಡಿದ್ದು ಎಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ಮನೆಯ ಮೇಲೆ ಉಳಿದ ಬಾಕಿ ಅದು.

ಈಗ ನೀಲಿ ಇದೆ. ಪಕ್ಷದವರೇ ಕೊಟ್ಟಿದ್ದು.

ನಿನ್ನ ಅಚ್ಚುಗಳನ್ನು ಇಳಿಸಿದೆ. ನಿನ್ನ ಕರಿಮಸಿಯನ್ನು ಸೋಡಾ ನೀರಿನಲ್ಲಿ ತಿಕ್ಕಿ ತೊಳೆದೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಆ ಬೆಳಿಗ್ಗೆ ನಿಂತ ಹನ್ನೊಂದು ಹೆಂಗಸರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಆಮೇಲೆ ಸಿಲ್ಕೆಗೆ ಹೇಳಿ ಕಳಿಸಿದೆ. ಹೌದು, ಮೇಷ್ಟ್ರ ತಾಯಿಗೇ. ಅವಳ ಚಿಕ್ಕ ಮಗನೂ ನಿನ್ನ ಅಪ್ಪ ಬೋಯೆಯೂ ಆ ಹಡಗಿನಲ್ಲಿ ಒಂದೇ ಜಾಗದಲ್ಲಿ ಮಲಗುತ್ತಿದ್ದವರು. ಅವಳನ್ನು ಬಿಟ್ಟು ಹೇಗೆ ಮಾಡಲಿ?

ಸಿಲ್ಕೆ ಕೋಲೂರಿಕೊಂಡು ಬಂದಳು. ಅಚ್ಚನ್ನು ಬೆಳಕಿಗೆ ತಿರುಗಿಸಿ ತುಂಬಾ ಹೊತ್ತು ನೋಡಿದಳು.

“ಇದು ನಾನಾ?”

“ಇನ್ಯಾರು? ಹಲ್ಲು ನೋಡು, ಮುಂದಿನದು ಆಗಲೇ ಬಿದ್ದಿತ್ತು.”

“ನಿನ್ನ ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಬಾಗಿಲ ಸಂದಿಯಲ್ಲಿ ಬ್ರೆಡ್ಡು ಕಚ್ಚುತ್ತಾ ನಿಂತಿತ್ತು. ಹಲ್ಲು ಕೂಡ ಎಣಿಸಿದಳಾ?”

“ಒಂದು ಬಟ್ಟೆ ಮಾಡಿಕೊಡಲಾ? ನಿನ್ನ ಮಗನಿಗೆ ಗೊತ್ತಾದರೆ ಕಷ್ಟ.”

ಅವಳು ನಕ್ಕಳು. “ನನ್ನ ಪೆಟ್ಟಿಗೆ ತೆಗೆಯುವ ಹೊತ್ತಿಗೆ ಅವನು ನನಗೆ ಬೈಯುವ ಹಾಗಿರುವುದಿಲ್ಲ. ಮಾಡು ಗೇಸ್ಕೆ.”

ಮಿಕ್ಕವರೂ ಒಬ್ಬೊಬ್ಬರಾಗಿ ಬಂದರು. ಯಾರೂ ಬೇಡ ಎನ್ನಲಿಲ್ಲ. ಅಂಟು ನೆನಪಿದೆಯಲ್ಲ? ಜೇಡಿಮಣ್ಣು, ಗೋಂದು, ಮೈಲುತುತ್ತ. ಅಚ್ಚಿಗೆ ಅಂಟು ಹಚ್ಚಿ ಬಿಳಿ ಬಟ್ಟೆಗೆ ಒತ್ತಿ, ಬಟ್ಟೆಯನ್ನು ನೀಲಿ ತೊಟ್ಟಿಗೆ ಇಳಿಸಿದೆ. ಅಂಟಿದ್ದ ಕಡೆ ನೀಲಿ ಹತ್ತುವುದಿಲ್ಲ. ಹುಳಿ ನೀರಿನಲ್ಲಿ ತೊಳೆದರೆ ಮುಖ ಬಿಳಿಯಾಗಿ ಎದ್ದು ಬರುತ್ತದೆ. ನಿನ್ನ ಕಾಗದದ ಮೇಲೆ ಕಪ್ಪಾಗಿದ್ದ ಗೆರೆಗಳೆಲ್ಲ ನನ್ನ ಬಟ್ಟೆಯಲ್ಲಿ ಬೆಳ್ಳಗೆ. ಮೇಜುಹಾಸುಗಳ ನಡುವೆ ಅವನ್ನೂ ಹಗ್ಗಕ್ಕೆ ಹಾಕಿ ಒಣಗಿಸಿದೆ.

ಹತ್ತು ಬಟ್ಟೆ ಹತ್ತು ಮನೆಗೆ ಹೋದವು. ನನ್ನದು ಮಾಡಿಕೊಂಡಿಲ್ಲ. ಯಾಕೆ ಎಂದು ಕೇಳಬೇಡ.

ಗೇಸ್ಕೆ


ಓಸ್ಟರ್‌ಜೀಲ್
1938, ಮೇ 29

ಮಗಳೇ,

ಅವರು ಬಂದಿದ್ದರು. ಮೊದಲೇ ಹೇಳಿಬಿಡುತ್ತೇನೆ, ನನಗೆ ಏನೂ ಆಗಿಲ್ಲ, ನಿನ್ನ ಅಚ್ಚುಗಳಿಗೂ ಏನೂ ಆಗಿಲ್ಲ. ಈಗ ಉಸಿರು ಬಿಟ್ಟು ಮುಂದೆ ಓದು.

ಗುರುವಾರ ಮಧ್ಯಾಹ್ನ ಡೆಟ್‌ಲೆಫ್ ಲೂರ್ಸೆನ್ ಬಾಗಿಲು ತಟ್ಟಿದ. ಜೊತೆಗೆ ಚರ್ಮದ ಕೋಟಿನ ಒಬ್ಬ ಜಿಲ್ಲೆಯವನು. ಹೊಸ್ತಿಲಲ್ಲಿ ನನ್ನನ್ನು ‘ಚಿಕ್ಕಮ್ಮ’ ಎಂದ ಡೆಟ್‌ಲೆಫ್, ಒಳಗೆ ಬಂದು ಕೋಟಿನವನ ಮುಖ ನೋಡಿದ ಮೇಲೆ ‘ಶ್ರೀಮತಿಯವರೇ’ ಎಂದ.

“ಶ್ರೀಮತಿಯವರೇ, ನಿಮ್ಮ ಮೊಮ್ಮಗಳು ಕೆತ್ತಿದ ಹನ್ನೊಂದು ಅಚ್ಚುಗಳು ಇಲ್ಲಿವೆ ಎಂದು ಪಟ್ಟಿಯಲ್ಲಿದೆ. ಒಪ್ಪಿಸಬೇಕು.”

“ನನ್ನ ಕೈಯೆಲ್ಲ ಅಂಟು. ನೀವೇ ನೋಡಿಕೊಳ್ಳಿ. ಕಾಲಿನ ಮಣ್ಣು ಒರೆಸಿಕೊಂಡು ಬನ್ನಿ.”

ನಾನು ಸುಳ್ಳು ಹೇಳಲಿಲ್ಲ. ನಿನ್ನ ಅಚ್ಚುಗಳು ನನ್ನ ಮುಂದೆಯೇ ಇದ್ದವು, ಕೆಲಸದ ಮೇಜಿನ ಮೇಲೆ, ಬುಟ್ಟಿಯಲ್ಲಿ. ಮೇಲೆಲ್ಲ ಹಸಿರು ಅಂಟು ಮೆತ್ತಿ, ಹೂಬಳ್ಳಿಯ ಅಚ್ಚುಗಳ ಜೊತೆ ಸೇರಿ, ಕೆಸರಿಗೆ ಬಿದ್ದ ಬೆಕ್ಕಿನ ಹಾಗೆ ಗುರುತೇ ಸಿಗುತ್ತಿರಲಿಲ್ಲ. ಕೋಟಿನವನು ಅವುಗಳ ಪಕ್ಕದಲ್ಲೇ ತನ್ನ ಟೋಪಿ ಇಟ್ಟ.

ಅವರು ಹೋದದ್ದು ಮೇಲಿನ ಅಟ್ಟಣಿಗೆಗೆ. ಅಲ್ಲಿ ಏನಿತ್ತು ಗೊತ್ತಲ್ಲ? ಮುತ್ತಾತನ ಬೈಬಲ್ ಅಚ್ಚುಗಳು. ನೋವಾ, ತಿಮಿಂಗಿಲ ನುಂಗಿದ ಯೋನಾ, ಕೊನೆಯ ಊಟ, ಎಲ್ಲ. ನಲವತ್ತು ವರ್ಷ ಯಾರೂ ಒತ್ತದೆ ಧೂಳು ಕೂತು, ಯಾವ ಕಥೆ ಎಂದು ತಿಳಿಯದಷ್ಟು ಕಪ್ಪಗಾಗಿದ್ದವು. ಮುತ್ತಾತನಿಗೆ ಮನುಷ್ಯರನ್ನು ಅಳತೆಯಲ್ಲಿ ಕೆತ್ತಲು ಬರುತ್ತಿರಲಿಲ್ಲ, ಕಣ್ಣು ಮೊಟ್ಟೆಯಷ್ಟು, ಕೈ ಸಲಿಕೆಯಷ್ಟು. ಕೋಟಿನವನು ಯೋನಾನನ್ನು ಕೆಳಗೆ ತಂದು ಎತ್ತಿ ಹಿಡಿದು ಉಗುಳುವವನ ಹಾಗೆ ಮುಖ ಮಾಡಿದ.

“ಇಂಥ ಮುಖ ದೇವರು ಯಾರಿಗಾದರೂ ಕೊಟ್ಟಿದ್ದಾನೇನ್ರೀ? ಇದೇ. ರೋಗ ಹಿಡಿದ ಕೈ.”

ಡೆಟ್‌ಲೆಫ್ ಬಗ್ಗಿ ನೋಡಿದ. ಎರಡು ಪುಟ ಬರೆದವನು! ತಾನು ಹೊಗಳಿದ್ದನ್ನು ಮೂಗಿನ ಮುಂದೆ ಹಿಡಿದು ನೋಡಿದ. “ನಿಜ,” ಎಂದ. “ಜರ್ಮನ್ ಕೈ ಇಂಥದ್ದನ್ನು ಕೆತ್ತುವುದಿಲ್ಲ.”

ನಾನು ಬಾಯಿ ತೆರೆದೆ. ಫ್ರೌಕೆ, ಅದು ನಿನ್ನ ಅಜ್ಜನ ಮನೆಯ ಆಸ್ತಿ. ಮದುವೆಯಾಗಿ ಬಂದ ಮೊದಲ ದಿನ ನನ್ನ ಅತ್ತೆ ನನಗೆ ಅವುಗಳ ಧೂಳು ಒರೆಸಲು ಹೇಳಿದ್ದಳು. ಬಾಯಿ ತೆರೆದೆ, ಬುಟ್ಟಿಯ ಕಡೆ ನೋಡಿದೆ, ಬಾಯಿ ಮುಚ್ಚಿದೆ. ಎಪ್ಪತ್ತೆರಡು ವರ್ಷದಲ್ಲಿ ನನ್ನ ಬಾಯಿ ತಾನಾಗಿ ಮುಚ್ಚಿದ್ದು ಅದೊಂದೇ ಸಲ.

ಹನ್ನೊಂದು ಎಣಿಸಿದರು, ನಿಲ್ಲಿಸಿದರು. ಹನ್ನೆರಡನೆಯದೂ ಹದಿಮೂರನೆಯದೂ ಅಲ್ಲೇ ಇದ್ದವು, ಅವೂ ಅಷ್ಟೇ ಸೊಟ್ಟ. ಆದರೆ ಪಟ್ಟಿಯಲ್ಲಿ ಯಾವ ಚಿತ್ರ ಎಂದಿರಲಿಲ್ಲ, ಹನ್ನೊಂದು ಎಂದಷ್ಟೇ ಇತ್ತಲ್ಲ. ಡೆಟ್‌ಲೆಫ್ ರಸೀದಿ ಬರೆದುಕೊಟ್ಟ. ಶಾಲೆಯ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿ ಸುಟ್ಟರು. ನಾನೂ ಹೋಗಿ ನಿಂತೆ. ನೋವಾನ ನಾವೆ ಎಲ್ಲಕ್ಕಿಂತ ನಿಧಾನವಾಗಿ ಉರಿಯಿತು.

ಈಗ ನಿನ್ನ ಅಚ್ಚುಗಳು ಸರಕಾರದ ಲೆಕ್ಕದಲ್ಲಿ ಬೂದಿ. ಬೂದಿಯನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಗೇಸ್ಕೆ


ಹ್ಯಾಂಬರ್ಗ್
1938, ಜೂನ್ 20

ಅಜ್ಜಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮುತ್ತಾತನ ಯೋನಾ ಹೋದ ಎಂದು ನಂಬಲಾಗುತ್ತಿಲ್ಲ. ನಾನು ಕೆತ್ತಲು ಕಲಿತದ್ದೇ ಅವನನ್ನು ನೋಡಿ. ಕಣ್ಣು ದೊಡ್ಡದಾಗಿ ಕೆತ್ತಿದರೆ ಹೆದರಿಕೆ ದೊಡ್ಡದಾಗಿ ಕಾಣುತ್ತದೆ ಎಂದು ನನಗೆ ಮೊದಲು ಹೇಳಿದವನು ಅವನೇ. ನನ್ನದನ್ನು ಉಳಿಸಲು ಅವನನ್ನು ಕೊಟ್ಟೆಯಾ? ಅಷ್ಟು ಬೆಲೆ ನನ್ನ ಕೆಲಸಕ್ಕೆ ಇಲ್ಲ ಅಜ್ಜಿ.

ನಾನು ಈಗ ಔಷಧಿ ಕಾರ್ಖಾನೆಯಲ್ಲಿ ಶೀಶೆಗೆ ಚೀಟಿ ಅಂಟಿಸುತ್ತೇನೆ. ವಾರಕ್ಕೊಮ್ಮೆ ಇಬ್ಬರು ಬರುತ್ತಾರೆ. ಮನೆಯಲ್ಲಿ ಬಣ್ಣದ ವಾಸನೆ ಇದೆಯೇ ಎಂದು ಮೂಸುತ್ತಾರೆ, ಹಳೆಯ ಕುಂಚಗಳು ಒದ್ದೆಯಾಗಿವೆಯೇ ಎಂದು ಬೆರಳಿಟ್ಟು ನೋಡುತ್ತಾರೆ. ಒದ್ದೆ ಇರುವುದಿಲ್ಲ. ಒಂದು ವರ್ಷದಿಂದ ಒಂದು ಗೆರೆ ಎಳೆದಿಲ್ಲ. ಅವರಿಗೆ ಹೆದರಿ ಅಲ್ಲ. ಕೈಗೆ ಬೇಡವಾಗಿದೆ. ಅಷ್ಟು ಜನ ನಗುತ್ತಿದ್ದರೆ, ನಗುವಂಥದ್ದೇ ಮಾಡಿದ್ದೆನೇನೋ ಎಂದು ಕೆಲವು ಸಲ ಅನ್ನಿಸುತ್ತದೆ.

ಆ ಪ್ರದರ್ಶನ ಊರೂರು ಸುತ್ತುತ್ತಿದೆ. ಇಲ್ಲಿಗೂ ಬರುತ್ತದಂತೆ.

ಫ್ರೌಕೆ


ಓಸ್ಟರ್‌ಜೀಲ್
1938, ನವೆಂಬರ್ 27

ಮಗಳೇ,

ಕೂತುಕೋ. ನಾನು ಹ್ಯಾಂಬರ್ಗಿಗೆ ಬಂದಿದ್ದೆ.

ಕಾರ್ಸ್ಟನ್‌ನ ದೋಣಿಯಲ್ಲಿ ಮೀನಿನ ಮಧ್ಯೆ ಕೂತು ಬಂದೆ. ನಿನ್ನ ಬೀದಿಗೂ ಬಂದೆ. ಎದುರು ಬಾಗಿಲಲ್ಲಿ ಒಬ್ಬ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದ. ಅಚ್ಚು ಸುಟ್ಟವರ ಲೆಕ್ಕದಲ್ಲಿ ನಾವಿಬ್ಬರೂ ಸುಮ್ಮನಾದವರು, ಹಾಗೇ ಇರಲಿ ಎಂದು ನಾನು ಮೇಲೆ ಬರಲಿಲ್ಲ. ಮೂರನೇ ಮಹಡಿಯ ಕಿಟಕಿಯಲ್ಲಿ ನಮ್ಮ ಮನೆಯ ನೀಲಿ ಪರದೆ ಕಂಡಿತು. ಅದನ್ನು ಒಗೆಯದೆ ಎಷ್ಟು ದಿನವಾಯಿತು?

ಯೆಹೂದಿಗಳ ಅಂಗಡಿ ಒಡೆದ ಆ ರಾತ್ರಿಯ ಗಾಜಿನ ಚೂರು ಬೀದಿಗಳಲ್ಲಿ ಇನ್ನೂ ಇತ್ತು. ನಾನು ಮದುವೆಯ ಕಾಲದಿಂದ ಗುಂಡಿ ಕೊಳ್ಳುತ್ತಿದ್ದ ಯೆಹೂದಿಯ ಅಂಗಡಿಗೆ ಹಲಗೆ ಬಡಿದಿದ್ದರು. ಅಂಗಡಿಯವರು ಎಲ್ಲಿ ಎಂದು ಪಕ್ಕದವಳನ್ನು ಕೇಳಿದೆ. ಅವಳು ನನ್ನ ಬೂಟು ನೋಡಿಕೊಂಡು ಒಳಗೆ ಹೋದಳು.

ಆಮೇಲೆ ಪ್ರದರ್ಶನಕ್ಕೆ ಹೋದೆ.

ಜನವೋ ಜನ. ಚಿತ್ರಗಳನ್ನು ಬೇಕೆಂದೇ ಸೊಟ್ಟ ತೂಗುಹಾಕಿ ಗೋಡೆಯ ತುಂಬ ಬೈಗುಳ ಬರೆದಿದ್ದರು. ನಮ್ಮ ಹನ್ನೊಂದು ಹೆಂಗಸರು ಮೂಲೆಯಲ್ಲಿದ್ದರು. ಮೇಲೆ ದೊಡ್ಡ ಅಕ್ಷರದಲ್ಲಿ ‘ಜರ್ಮನ್ ತಾಯಿಗೆ ಮಾಡಿದ ಅವಮಾನ’. ಸಿಲ್ಕೆ ಎಡಗಡೆ, ನಾನು ಬಲಗಡೆಯ ಕೊನೆ.

ನನ್ನ ಮುಂದೆ ಗುಂಡು ಟೋಪಿಯ ಒಬ್ಬ ದಪ್ಪ ಮನುಷ್ಯ, ಅವನ ಹೆಂಡತಿ. ಅವನು ನನ್ನ ಮುಖಕ್ಕೆ ಬೆರಳು ತೋರಿಸಿದ.

“ನೋಡೇ ಇವಳನ್ನ! ಹಲ್ಲುನೋವು ಬಂದ ಕುದುರೆ ಥರ ಇದ್ದಾಳೆ!”

ಹೆಂಡತಿ ಕರವಸ್ತ್ರ ಬಾಯಿಗೆ ಇಟ್ಟುಕೊಂಡು ನಕ್ಕಳು. ಸುತ್ತ ಇದ್ದವರೂ ನಕ್ಕರು. ನನಗೆ ಆ ನಗು ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ ನನ್ನ ಅಡುಗೆ ಮನೆಯಲ್ಲಿ ನಾನೇ ನಕ್ಕ ನಗು.

“ಹಲ್ಲುನೋವಲ್ಲ ಸ್ವಾಮಿ,” ಎಂದೆ. “ಮಗ ಸತ್ತ.”

“ಏನು? ಯಾರ ಮಗ?”

“ನನ್ನ ಮಗ.”

ತಲೆವಸ್ತ್ರ ತೆಗೆದು, ಚಿತ್ರದ ಪಕ್ಕಕ್ಕೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ನನ್ನ ಮೂಗು ಅವರಿಗೆ ಕಾಣಲಿ ಎಂದು ಮುಖ ಸ್ವಲ್ಪ ಓರೆ ಮಾಡಿದೆ. ಕೊಡಲಿಯೇ ಫ್ರೌಕೆ. ಆ ಮನುಷ್ಯ ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಟೋಪಿ ತೆಗೆಯಲೋ ಬೇಡವೋ ಎಂದು ಕೈ ಅರ್ಧಕ್ಕೆ ನಿಂತಿತು. ಹೆಂಡತಿ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಕಾವಲಿನವನು ಬಂದ. “ಅಜ್ಜಿ, ಇಲ್ಲಿ ನಿಲ್ಲಬಾರದು, ಮುಂದೆ ನಡೀರಿ.”

“ಕಾಲು ನೋವು ಮಗಾ. ನಿನ್ನ ಅಜ್ಜಿಯನ್ನೂ ಹೀಗೇ ಅಟ್ಟುತ್ತೀಯಾ?”

ಅವನು ಆ ಕಡೆ ಈ ಕಡೆ ನೋಡಿ ದೂರ ಹೋದ. ನಾನು ನಿಂತೇ ಇದ್ದೆ. ನನ್ನ ಹತ್ತಿರ ಬಂದವರು ಯಾರೂ ನಗಲಿಲ್ಲ. ಕಪ್ಪು ಕೈಗವಸಿನ ಒಬ್ಬಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಎಲ್ಲಿ?” ಹಡಗಿನಲ್ಲಿ ಎಂದೆ. “ನನ್ನವನು ಫ್ರಾನ್ಸಿನಲ್ಲಿ,” ಎಂದಳು. ಆಮೇಲೆ ಒಂದೊಂದೇ ಮುಖದ ಮುಂದೆ, ಚರ್ಚಿನಲ್ಲಿ ನಿಲ್ಲುವ ಹಾಗೆ, ನಿಂತು ನಿಂತು ಹೋದಳು.

ಈಗ ಹೋದ ವರ್ಷದ ನಿನ್ನ ಪ್ರಶ್ನೆಗೆ ಉತ್ತರ. ಆವತ್ತು ತಂತಿ ಓದಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬಂದು ಬಟ್ಟೆ ಒಗೆದೆ ಎಂದೇ ಊರಿಗೆಲ್ಲ ಹೇಳುತ್ತಿದ್ದೆ. ಹೇಳಿ ಹೇಳಿ ನಾನೂ ನಂಬಿದ್ದೆ. ನೀನು ಕಾಗದ ಹರಡಿದೆ, ಅದರಲ್ಲಿ ನಾನು ಮೆಟ್ಟಿಲ ಮೇಲೆ ಬಾಯಿ ತೆರೆದು ನಿಂತಿದ್ದೆ. ನೀನು ಸುಳ್ಳು ಕೆತ್ತಿದ್ದರೆ ನಾನು ಕಾಫಿ ಕೊಟ್ಟು ಕಳಿಸುತ್ತಿದ್ದೆ. ಒಲೆಗೆ ಹಾಕು ಎನ್ನುತ್ತಿರಲಿಲ್ಲ.

ನಗುವ ಜನರ ಮಾತು ಬಿಡು. ಅವರು ನನ್ನ ಹಾಗೆಯೇ, ಏನನ್ನೋ ನೆಟ್ಟಗೆ ನಿಲ್ಲಿಸಿಕೊಂಡಿದ್ದಾರೆ, ಅದು ಬೀಳುತ್ತದೆ ಎಂದು ಹೆದರಿಕೆ.

ಮನೆಗೆ ಬಂದು ಹನ್ನೊಂದನೆಯ ಮುಖವಸ್ತ್ರ ಮಾಡಿದೆ. ನನ್ನದು. ಪೆಟ್ಟಿಗೆಯಲ್ಲಿದೆ.

ಗೇಸ್ಕೆ


ಹ್ಯಾಂಬರ್ಗ್
1938, ಡಿಸೆಂಬರ್ 11

ಅಜ್ಜಿ,

ಪರದೆ ಒಗೆದೆ.

ಕಾರ್ಸ್ಟನ್ ಹೇಳಿದ, ಮೂರು ಗಂಟೆ ಹೊತ್ತು ನಿಂತಿದ್ದೆಯಂತೆ. ಗೋಡೆಯ ಮುಂದೆ ಹೇಗೆ ನಿಂತಿದ್ದೆ? ಕೈ ಎಲ್ಲಿ ಇಟ್ಟುಕೊಂಡಿದ್ದೆ? ಗದ್ದ ಎತ್ತಿದ್ದೆಯಾ? ನಿನ್ನೆ ಕಾರ್ಖಾನೆಯಲ್ಲಿ ಒಂದು ಚೀಟಿಯ ಹಿಂದೆ ನಿನ್ನ ಚಿತ್ರ ಬರೆಯಲು ನೋಡಿದೆ, ಆಗಲಿಲ್ಲ. ಯಾರಿಗೂ ಸಿಗಬಾರದೆಂದು ಚೀಟಿಯನ್ನು ತಿಂದುಬಿಟ್ಟೆ. ಅಂಟು ತುಂಬಾ ಕಹಿ.

ಫ್ರೌಕೆ


ಓಸ್ಟರ್‌ಜೀಲ್
1939, ಮಾರ್ಚ್ 5

ಮಗಳೇ,

ಸಿಲ್ಕೆ ಹೋದಳು. ಮಂಗಳವಾರ ಬೆಳಿಗ್ಗೆ ಗಂಜಿ ಕುಡಿದು, ‘ಉಪ್ಪು ಕಡಿಮೆ’ ಎಂದು ಸೊಸೆಗೆ ಹೇಳಿ, ಹಾಗೇ ಒರಗಿದಳು.

ನಾವು ಉಳಿದ ಹತ್ತು ಹೆಂಗಸರೂ ಅವಳ ಮನೆಗೆ ಹೋಗಿ ಹಾಸಿಗೆಯ ಸುತ್ತ ನಿಂತೆವು. ಪದ್ಧತಿಯಂತೆ ಹಿರಿಯ ಮಗ ಪೆಟ್ಟಿಗೆ ತೆಗೆಯಬೇಕು. ಡೆಟ್‌ಲೆಫ್ ಪಕ್ಷದ ಕಂದು ಅಂಗಿಯಲ್ಲೇ ಇದ್ದ, ತೋಳಿಗೆ ಪಟ್ಟಿ. ಜಿಲ್ಲೆಯಿಂದ ಬಂದ ಇಬ್ಬರು ದೊಡ್ಡವರು ಹೂವಿನ ಚಕ್ರ ಹಿಡಿದು ಬಾಗಿಲ ಹೊರಗೆ ನಿಂತಿದ್ದರು. ಅವನು ಒಂದು ಕೂಗು ಹಾಕಿದರೆ ಹತ್ತು ಮನೆಯ ಹತ್ತು ಪೆಟ್ಟಿಗೆ ಅಂಗಳಕ್ಕೆ ಬರುತ್ತಿದ್ದವು, ನನ್ನ ಮೇಜಿನ ಮೇಲಿನ ಬುಟ್ಟಿಯೂ ಬರುತ್ತಿತ್ತು.

ಅವನು ಬಟ್ಟೆ ತೆಗೆದ. ಮಡಿಕೆ ಬಿಡಿಸಿದ. ಬಿಡಿಸಿದವನು ಹಾಗೇ ನಿಂತ. ನೀಲಿಯ ಮೇಲೆ ಬೆಳ್ಳಗೆ ಅವನ ತಾಯಿ, ಮುಂದಿನ ಹಲ್ಲಿಲ್ಲದೆ, ಬಾಯಿ ತೆರೆದು. ಶಾಲೆಯ ಅಂಗಳದಲ್ಲಿ ತಾನು ಸುಟ್ಟೆ ಎಂದುಕೊಂಡದ್ದು.

ತಲೆಯೆತ್ತಿ ನಮ್ಮನ್ನು ನೋಡಿದ. ನಾವು ಹತ್ತು ಜನವೂ ಅವನನ್ನೇ ನೋಡಿದೆವು. ಯಾರೂ ಕಣ್ಣು ಕೆಳಗೆ ಹಾಕಲಿಲ್ಲ.

ಹೊರಗಿನಿಂದ ಒಬ್ಬ ಕೇಳಿದ, “ಲೂರ್ಸೆನ್, ಏನಾದರೂ ತೊಂದರೆಯಾ?”

“ಇಲ್ಲ,” ಎಂದ. “ಅವ್ವನ ಬಟ್ಟೆ.”

ಅಚ್ಚಿನ ಕಡೆ ಒಳಗೆ ಮಾಡಿ ಮುಖಕ್ಕೆ ಹೊದಿಸಿದ. ಮೂಲೆಗಳನ್ನು ಸರಿ ಮಾಡಿದ. ಹೊರಗಿನವರಿಗೆ ಕಂಡದ್ದು ಬರೀ ನೀಲಿ.

ಮರುದಿನ ಒಬ್ಬನೇ ಬಂದ. ಬಾಗಿಲು ಹಾಕಿಕೊಂಡ.

“ಅಚ್ಚು ಎಲ್ಲಿದೆ ಚಿಕ್ಕಮ್ಮ?”

“ನೀನೇ ಸುಟ್ಟೆಯಲ್ಲ ಡೆಟ್‌ಲೆಫ್. ಹನ್ನೊಂದು ಎಂದು ನಿನ್ನ ಕೈಯಲ್ಲೇ ಬರೆದ ರಸೀದಿ ಇದೆ, ತೋರಿಸಲಾ?”

“ಹಾಗಾದರೆ ಆವತ್ತು ನಾವು ಸುಟ್ಟಿದ್ದು ಏನು?”

“ನಿನ್ನ ಪುಸ್ತಕದಲ್ಲಿ ನಮ್ಮ ಮನೆಗೆ ಕೊಟ್ಟ ಎರಡು ಪುಟ.”

ಅವನು ಮುಕ್ಕಾಲಿ ಎಳೆದುಕೊಂಡು ಕೂತ. ನಾನು ಅವನಿಗೆ ನೀರು ಕೊಡಲಿಲ್ಲ. ಉರಿಯುತ್ತಿದ್ದ ಯೋನಾನಿಗೆ ಯಾರು ಕೊಟ್ಟಿದ್ದರು? ಆಮೇಲೆ ಕೇಳಿದ, “ಆ ದಿನ ನಾನು ಯುದ್ಧದಲ್ಲಿದ್ದೆ. ತಮ್ಮನ ಸುದ್ದಿ ಬಂದಾಗ ಅವ್ವ ನಿಜವಾಗಿ ಅಷ್ಟು ಕಿರುಚಿದಳಾ?”

“ಅದಕ್ಕಿಂತ ಜೋರಾಗಿ. ಮರದಲ್ಲಿ ಅಷ್ಟೇ ಹಿಡಿಸಿತು.”

ಎದ್ದು ಹೋದ. ಅವನು ಒಳ್ಳೆಯವನಾದ ಎಂದು ನಾನು ಬರೆಯುತ್ತಿಲ್ಲ. ಭಾನುವಾರ ಮತ್ತೆ ಮಕ್ಕಳನ್ನು ಸಾಲು ನಿಲ್ಲಿಸಿ ಪಕ್ಷದ ವಂದನೆಗೆ ಕೈ ಎತ್ತಿಸುತ್ತಿದ್ದ. ಆದರೆ ಇನ್ನು ನನ್ನ ಮನೆಯ ಬಗ್ಗೆ ಅವನು ಬಾಯಿ ಬಿಡಬೇಕಾದರೆ, ಸುಡಬಾರದ್ದನ್ನು ಸುಟ್ಟೆ ಎಂದು ಮೊದಲು ಹೇಳಬೇಕು, ಆಮೇಲೆ ತನ್ನ ತಾಯಿಯ ಗೋರಿ ತೋಡಿಸಬೇಕು. ಎರಡೂ ಅವನಿಂದ ಆಗುವುದಿಲ್ಲ.

ಈಗ ನಿನ್ನ ಪ್ರಶ್ನೆ. ಕೈ ಎರಡನ್ನೂ ಮೇಲಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಗದ್ದ ಎತ್ತಿದ್ದೆ. ಆದರೆ ಬರೆದು ತಿಳಿಸಿದರೆ ಏನು ಪ್ರಯೋಜನ, ನೀನೇ ಬಂದು ನೋಡಬೇಕು. ಈಸ್ಟರಿಗೆ ಕಾರ್ಖಾನೆ ನಾಲ್ಕು ದಿನ ಮುಚ್ಚುತ್ತದೆ, ಕಾರ್ಸ್ಟನ್ ವಿಚಾರಿಸಿದ್ದಾನೆ. ಅಜ್ಜಿಗೆ ಹುಷಾರಿಲ್ಲ ಎಂದು ಹೇಳಿ ಬಾ. ನಿನ್ನ ಬೆನ್ನ ಹಿಂದೆ ಪತ್ರಿಕೆ ಹಿಡಿದವನು ಬಂದರೂ ಬರಲಿ, ಅಚ್ಚಿನವರ ಮನೆಯಲ್ಲಿ ಉಳಿಯ ಸದ್ದು ಕೇಳಿದರೆ ಅವನಿಗೆ ಅದರಲ್ಲಿ ಏನು ವಿಶೇಷ? ಪಕ್ಷದವರ ಮೇಜುಹಾಸಿಗೆ ಹೊಸ ಹೂಬಳ್ಳಿ ಕೆತ್ತುತ್ತಿದ್ದಾಳೆ ಎನ್ನುತ್ತೇನೆ.

ಅಜ್ಜ ಒಣಗಿಸಿದ್ದರಲ್ಲಿ ಒಂದೇ ಹಲಗೆ ಉಳಿದಿತ್ತು. ಉಜ್ಜಿ ನುಣುಪು ಮಾಡಿದ್ದೇನೆ. ಅವರ ಚಿಕ್ಕ ಉಳಿಯನ್ನೂ ಮಸೆದಿದ್ದೇನೆ. ಅಳುವ ಮುಖ ಕೆತ್ತಿ ಆಯಿತು. ಈಗ ಅದರ ಪಕ್ಕದಲ್ಲಿ ನಿಂತ ಮುಖ ಕೆತ್ತು. ಮೂಗಿನ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ.

ಇನ್ನೊಂದು. ನನಗೆ ಹಿರಿಯ ಮಗ ಉಳಿದಿಲ್ಲ, ಅದು ನಿನಗೆ ಗೊತ್ತು. ನನ್ನ ಪೆಟ್ಟಿಗೆಯ ಬೀಗದ ಕೈ ಗಡಿಯಾರದ ಹಿಂದೆ ಇದೆ. ಆ ದಿನ ತೆಗೆಯಬೇಕಾದವಳು ನೀನು. ಅದಕ್ಕೆ ಅವಸರವಿಲ್ಲ. ಮೊದಲು ಹಲಗೆ.

ನಿನ್ನ ದಾರಿ ನೋಡುತ್ತಾ,
ಅಜ್ಜಿ